ಹುಣಸೆ ಬೀಜದಷ್ಟು ಕಪ್ಪು

ಎಡ ಕೆನ್ನೆಯ ಮೇಲೆ ಬೆಳಕು ನಿಲ್ಲುತ್ತಿಲ್ಲ, ಜಾರಿ ಜಾರಿ ಅಂಗಿಯ ಕಾಲರಿಗೆ ಬೀಳುತ್ತಿದೆ, ಫ್ಲ್ಯಾಶಿನ ಬಿಳಿ ಕೊಡೆಯನ್ನು ಅರ್ಧ ಅಡಿ ಆಚೆ ಸರಿಸಿದರೆ ಬಾವಿನ ನೆರಳು ಕುತ್ತಿಗೆಗೆ ಇಳಿಯುತ್ತದೆ, ಈಚೆ ಸರಿಸಿದರೆ ಬಾವೇ ಎದ್ದು ಮುಂದೆ ಬಂದು ಕೂರುತ್ತದೆ, ಎಲ್ಲಿಂದ ಬೆಳಕು ಹಾಕಿದರೂ ಇರುವುದು ಇದ್ದೇ ಇರುತ್ತದೆ, ಇರುವುದು ಕಾಣಬೇಕಾದದ್ದೇ, ಕಾಣದ ಹಾಗೆ ಮಾಡಿದವನು ನೀನಲ್ಲವಾ ಮೂರ್ಖ, ಎಂದು ಶೇಷಪ್ಪ ತನ್ನನ್ನೇ ಬೈದುಕೊಂಡು ಕ್ಯಾಮರಾದ ಹಿಂದೆ ಮುಖ ಅಡಗಿಸಿದ, ಈ ಕ್ಯಾಮರಾ ಒಂದು ಇರುವುದು ಒಳ್ಳೆಯದಾಯಿತು, ಅದರ ಹಿಂದೆ ನಿಂತವನ ಕಣ್ಣು ಯಾರಿಗೂ ಕಾಣುವುದಿಲ್ಲ — ಗದ್ದ ಸ್ವಲ್ಪ ಕೆಳಗೆ ಮಾರಾಯ್ರೇ, ಬಾಯಿಗೆ ರೂಢಿಯಾದ ಮಾತು, ಹನ್ನೆರಡು ವರ್ಷದಿಂದ ಮೂಡುಬಿದಿರೆಯ ಈ ಸ್ಟುಡಿಯೋದಲ್ಲಿ ಮದುಮಕ್ಕಳಿಗೂ ಪಾಸ್‌ಪೋರ್ಟಿನವರಿಗೂ ಹೇಳಿದ ಮಾತು, ಹೇಳಿ ಆದ ಮೇಲೆ ಇವತ್ತು ಅದು ತನ್ನ ಕಿವಿಗೇ ಬಿತ್ತು, ಯಾರ ಗದ್ದ, ನಾಡಿದ್ದು ಇರುತ್ತದಾ ಆ ಗದ್ದ. ಸ್ಟೂಲಿನ ಮೇಲೆ ಮೊಯಿದಿನಬ್ಬ ಒಗೆದು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ನೆಟ್ಟಗೆ ಕೂತಿದ್ದಾರೆ, ಪಕ್ಕದ ಕೋಣೆಯ ವಾಚ್ ರಿಪೇರಿಯ ಮೊಯಿದಿನಬ್ಬ, ಪುತ್ತಿಗೆಯವರು, ಗೋಡೆಯ ಆಚೆ ಅವರ ಗಡಿಯಾರಗಳು ಒಟ್ಟಿಗೆ ಟಿಕಟಿಕ ಎನ್ನುವುದು ಈಚೆಗೆ ಕೇಳುತ್ತದೆ, ಹನ್ನೆರಡು ವರ್ಷ ಮಧ್ಯಾಹ್ನದ ಚಹಾ ಒಟ್ಟಿಗೆ ಕುಡಿದವರು, ಎಂತ ಇಷ್ಟು ಹೊತ್ತು, ಇದೆಂತ ನನ್ನ ಮದುವೆಯ ಫೋಟೋವಾ, ಎಂದು ನಗುತ್ತಾರೆ, ನಗುವುದು ಬಲಗಡೆ ಮಾತ್ರ, ಎಡಗಡೆ ಬಾವು ಬಿಗಿದುಕೊಂಡಿದೆ, ನಾಡಿದ್ದು ಮಂಗಳೂರಿನಲ್ಲಿ ಕೆಳಗಿನ ದವಡೆ ಅರ್ಧ ತೆಗೀತಾರಂತೆ ಮಾರಾಯ್ರೇ, ಆಮೇಲೆ ಹೆಂಡತಿ ಸೈನಬಳಿಗೆ ನೋಡ್ಲಿಕ್ಕೆ ಎರಡೂ ಕೆನ್ನೆ ಸರಿ ಇರುವ ಒಂದು ಮುಖ ಬೇಕಲ್ಲ, ನೀವು ಕಂಪ್ಯೂಟರಿನಲ್ಲಿ ಈ ಬಾವು ಒಂದು ತೆಗೆದು ಕೊಡಿ, ನಿಮಗೆ ಅದೆಂತ ದೊಡ್ಡ ಕೆಲಸವಾ. ದೊಡ್ಡ ಕೆಲಸವಲ್ಲ ಬ್ಯಾರಿಗಳೇ, ಎಂದ ಶೇಷಪ್ಪ, ಕೌಂಟರಿನ ಮೇಲಿನ ಫೋನನ್ನು ನೋಡಿದ, ನಾಲ್ಕು ಗಂಟೆಯ ಒಳಗೆ ಹೇಳ್ತೇನೆ ಎಂದಿದ್ದರು ಮಹಡಿಯ ಹಲ್ಲಿನ ಡಾಕ್ಟ್ರು ಸುಪ್ರೀತಾ, ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಉಂಟು, ಫೋನು ಸುಮ್ಮನೆ ಕೂತಿತ್ತು.

ಕ್ಲಿಕ್, ಇನ್ನೊಂದು, ಕಣ್ಣು ಮುಚ್ಚಬೇಡಿ — ಕಲೆ ಕಂಡರೆ ಕೈ ಸುಮ್ಮನೆ ಇರಬಾರದು, ಎಂದು ಕಲಿಸಿದ್ದು ಬೆಳ್ತಂಗಡಿಯ ಡೊಂಬಯ್ಯ ಮಾಸ್ಟ್ರು, ತೊಂಬತ್ತರಲ್ಲಿ, ಅವರ ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲಿ, ಹಾಲುಗಾಜಿನ ಅಡಿಯಲ್ಲಿ ಬಲ್ಬು ಉರಿಸಿ ನೆಗೆಟಿವ್ ಇಟ್ಟು, ಸೂಜಿಯ ಹಾಗೆ ಹೆರೆದ ಪೆನ್ಸಿಲಿನಲ್ಲಿ ಮದುಮಗಳ ಕೆನ್ನೆಯ ಸಿಡುಬಿನ ಗುಳಿ ಒಂದೊಂದೇ ತುಂಬಿಸುವುದು, ಉಸಿರು ಹಿಡಿದುಕೊಂಡು, ಗಿರಾಕಿಯ ಮುಖದ ಕಲೆ ಗಿರಾಕಿಗೆ ಗೊತ್ತಿರ್ತದೆ ಮಗಾ, ನಾವು ತೋರಿಸ್ಲಿಕ್ಕೆ ಇಲ್ಲ, ಮತ್ತೆ ಗುರುತಿನವರದ್ದಾದರೆ ಒಂದು ಗೀಟು ಹೆಚ್ಚು ಎಳಿ, ಅದಕ್ಕೆ ಲೆಕ್ಕ ಇಲ್ಲ. ಆ ಹೆಚ್ಚಿನ ಗೀಟು ಕೈಯಲ್ಲಿ ಉಳಿದುಬಿಟ್ಟಿತು, ಪೆನ್ಸಿಲು ಹೋಗಿ ಇಲಿಯ ಹಾಗಿನ ಮೌಸ್ ಬಂತು, ಹಾಲುಗಾಜು ಹೋಗಿ ಪರದೆ ಬಂತು, ಕೈ ಮಾತ್ರ ಅದೇ, ಪರದೆಯ ಮೇಲೆ ಬಳೆಯ ಹಾಗೆ ಒಂದು ಸಣ್ಣ ಉರುಟು ಗೆರೆ ಓಡಾಡುತ್ತದೆ, ಕೀಬೋರ್ಡಿನ ಆಲ್ಟ್ ಒತ್ತಿ ಒಳ್ಳೆಯ ಜಾಗದಿಂದ ಒಂದು ಚೂರು ಎತ್ತಿಕೋ, ಕೆಟ್ಟ ಜಾಗದ ಮೇಲೆ ಇಡು, ಸ್ಟಾಂಪು ಒತ್ತಿದ ಹಾಗೆ, ಕಲೆ ಹೋಯಿತು, ಎಷ್ಟು ಸುಲಭ, ಅಯ್ಯೋ ಎಷ್ಟು ಸುಲಭ. ಹೋದ ವರ್ಷ ಶಿವರಾತ್ರಿ ಕಳೆದ ವಾರ ಸುಪ್ರೀತಾ ಡಾಕ್ಟ್ರು ಒಂದು ಪೊಟ್ಟಣ ತುಂಬ ಹಲ್ಲಿನ ಎಕ್ಸ್‌ರೇ ತಂದು ಕೌಂಟರಿನ ಮೇಲೆ ಸುರಿದಿದ್ದರು, ಅಂಚೆಚೀಟಿಗಿಂತ ಚೂರು ದೊಡ್ಡ ಫಿಲ್ಮುಗಳು, ನಲವತ್ತೆರಡು, ಶೇಷಪ್ಪಣ್ಣ, ಎಲ್ಲ ಹಳದಿಯಾಗ್ತಾ ಉಂಟು, ನಿಮ್ಮ ಸ್ಕ್ಯಾನರಿನಲ್ಲಿ ಹಾಕಿ ದೊಡ್ಡದು ಮಾಡಿ ಸೀಡಿಗೆ ಹಾಕಿ ಕೊಡಿ, ಧೂಳು ಗೀರು ಇದ್ದರೆ ಸ್ವಲ್ಪ ಒರೆಸಿ, ಮೇಲಿನದೊಂದು ನಿನ್ನೆ ತೆಗೆದದ್ದು, ಮೊಯಿದಿನಬ್ಬರದ್ದು, ನೀರು ಬಿಸಿ ಮಾರಾಯ್ರೇ, ಫಿಲ್ಮು ತೊಳೆಯುವ ಡೆವಲಪರ್ ಹಾಳಾಗಿ ಮಂಕು ಬಂದಿದೆ, ನನಗೆ ಸರಿ ಕಾಣುವುದಿಲ್ಲ, ನೀವು ಬ್ರೈಟ್ ಮಾಡಿ ಕೊಟ್ಟರೆ ನನ್ನ ಕಂಪ್ಯೂಟರಿನಲ್ಲೇ ನೋಡ್ತೇನೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು, ಮೊಯಿದಿನಬ್ಬ, ಕೆಳಗೆ, ಎಡ. ಉಳಿದ ನಲವತ್ತೊಂದನ್ನು ಶೇಷಪ್ಪ ಬರೀ ಧೂಳು ಒರೆಸಿ ಬಿಟ್ಟಿದ್ದ, ಯಾರ ಹಲ್ಲೋ ಏನೋ, ಆ ನಲವತ್ತೊಂದು ಬಾಯಿಗಳು ಬದುಕಿದವು, ಇದೊಂದನ್ನು ಮಾತ್ರ, ನಮ್ಮ ಬ್ಯಾರಿಗಳದ್ದು ಎಂದು, ಚಹಾ ತರಿಸಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡು ಕೂತ, ಬ್ರೈಟ್‌ನೆಸ್ ಏರಿಸಿದ, ಕಾಂಟ್ರಾಸ್ಟ್ ಏರಿಸಿದ, ಮಂಜು ಸರಿದ ಹಾಗೆ ಹಲ್ಲು ಬಂತು, ಬೇರು ಬಂತು, ಬೇರಿನ ಸುತ್ತ ಎಲುಬಿನ ಸಣ್ಣ ಬಲೆ, ಎಷ್ಟು ಚೆಂದದ ಹೆಣಿಗೆ, ಆ ಹೆಣಿಗೆಯ ನಡುವೆ, ಹಿಂದಿನ ದವಡೆ ಹಲ್ಲಿನ ಬೇರಿನ ತುದಿಯಲ್ಲಿ, ಕಪ್ಪು. ಫಿಲ್ಮಿನಲ್ಲಿ ಒಳ್ಳೆಮೆಣಸಿನ ಕಾಳಿನಷ್ಟು, ಪರದೆಯ ಮೇಲೆ ಹುಣಸೆ ಬೀಜದಷ್ಟು, ಅಂಚು ನುಣುಪು, ಹೊಳೆಯುವ ಕಪ್ಪು. ಶೇಷಪ್ಪನಿಗೆ ಗೊತ್ತು ಅಂಥ ಕಪ್ಪು, ಹದಿನೈದು ವರ್ಷ ಕತ್ತಲೆ ಕೋಣೆಯಲ್ಲಿ ಕೈ ಅದ್ದಿದವನಿಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು, ಫಿಲ್ಮನ್ನು ಮುಳುಗಿಸುವ ಮೊದಲೇ ಒಂದು ಹನಿ ಡೆವಲಪರ್ ಸಿಡಿದರೆ ಹಾಗೇ ಉರುಟಾಗಿ ಕಪ್ಪು ಕೂರುತ್ತದೆ, ಪಾಪ ಡಾಕ್ಟ್ರಿಗೆ ಕೈ ಅಭ್ಯಾಸ ಇಲ್ಲ, ಹನಿ ಬೀಳಿಸಿದ್ದಾರೆ, ಎಂದು ನಕ್ಕ ಕೂಡ, ನಕ್ಕು ಬಿಟ್ಟಿದ್ದ, ಆಲ್ಟ್ ಒತ್ತಿ ಪಕ್ಕದ ಒಳ್ಳೆಯ ಎಲುಬಿನ ಒಂದು ಚೂರು ಎತ್ತಿ ಅದರ ಮೇಲೆ ಇಟ್ಟ, ಇನ್ನೊಂದು ಚೂರು, ಅಂಚು ಕಾಣದ ಹಾಗೆ ಮೆತ್ತಗೆ ಇನ್ನೊಂದು, ಒಂದು ಗೀಟು ಹೆಚ್ಚು, ಅದಕ್ಕೆ ಲೆಕ್ಕ ಇಲ್ಲ. ಅದೇ ಹೆಸರಿನ ಮೇಲೆ ಸೇವ್ ಮಾಡಿದ, ಹಾರ್ಡ್ ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಯಾವುದನ್ನೂ ಎರಡೆರಡು ಇಡುವ ಕ್ರಮ ಇರಲಿಲ್ಲ.

ಪ್ಲಗ್ಗಿನ ಹತ್ತಿರ ಯುಪಿಎಸ್ ಕುಂಯ್ ಎಂದಿತು, ಕರೆಂಟು ಹೋಯಿತು, ಬಂತು, ಮೇ ತಿಂಗಳ ಸೆಕೆಗೆ ಮೊಯಿದಿನಬ್ಬ ಟೊಪ್ಪಿ ತೆಗೆದು ಹಣೆ ಒರೆಸಿ ಮತ್ತೆ ಹಾಕಿಕೊಂಡರು, ಇನ್ನೊಂದು ತೆಗೀತೇನೆ, ಹಾಗೇ ಕೂತಿರಿ — ಬೆಳಗ್ಗೆ ಹತ್ತು ಗಂಟೆಗೆ ಡಾಕ್ಟ್ರು ಮೇಲೆ ಕರೆದಿದ್ದರು, ಸಿದ್ದಕಟ್ಟೆಯಿಂದ ಬರುವ ಬಸ್ಸು ಆಗಷ್ಟೇ ಇಳಿಸಿತ್ತು, ಸ್ಟುಡಿಯೋದ ಬಾಗಿಲನ್ನೂ ತೆರೆದಿರಲಿಲ್ಲ, ಎರಡು ಚಿತ್ರ ಪ್ರಿಂಟ್ ಹಾಕಿಕೊಡಬೇಕು ಶೇಷಪ್ಪಣ್ಣ, ಮಂಗಳೂರಿಗೆ ಕಳಿಸ್ಲಿಕ್ಕೆ, ಎಂದು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರು, ಬಲಗಡೆ ಈ ತಿಂಗಳದ್ದು, ದವಡೆಯ ಎಲುಬು ಒಳಗಿಂದ ತಿಂದು ಖಾಲಿಯಾಗಿ ಕಪ್ಪು ಬಾವಿಯ ಹಾಗೆ, ಎಡಗಡೆ ಹೋದ ವರ್ಷದ್ದು, ನೋಡಿ, ನೀವೇ ಮಾಡಿಕೊಟ್ಟದ್ದು, ಇಲ್ಲಿ ಏನೂ ಇರಲಿಲ್ಲ, ಒಂದು ಚುಕ್ಕಿ ಇರಲಿಲ್ಲ, ಪಕ್ಕದ ಹಲ್ಲಿನ ಹುಳುಕು ತುಂಬಿಸಿ ಕಳಿಸಿದೆ, ನೋವು ಹೋಯಿತು ಎಂದರು ಪಾಪ, ರಮ್ಜಾನಿನ ಹೊತ್ತಿಗೆ ಬಾವು ಶುರುವಾದದ್ದನ್ನು ಲವಂಗದ ಎಣ್ಣೆ ಹಚ್ಚಿಕೊಂಡು ಕೂತರಂತೆ, ಹದಿನೈದು ತಿಂಗಳಲ್ಲಿ ಇಷ್ಟು ಬೆಳೆದಿದೆ ಎಂದರೆ ಕೆಟ್ಟ ಜಾತಿಯದ್ದೇ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಹೀಗೂ ಇರಬಹುದು ಹಾಗೂ ಇರಬಹುದು ಅಂತ ರಿಪೋರ್ಟು, ನಿಧಾನದ್ದಾಗಿದ್ದರೆ ಕೆರೆದು ತೆಗೆದು ಎಲುಬು ಉಳಿಸಿ ಕಾದು ನೋಡಬಹುದಿತ್ತಂತೆ, ಈಗ ಹಾಗೆ ಕಾಯ್ಲಿಕ್ಕೆ ಆಗುವುದಿಲ್ಲ ಎಂದರು ಅಲ್ಲಿಯ ಸರ್ಜನ್, ಹೋದ ವರ್ಷ ಇಲ್ಲದ್ದು ಈ ವರ್ಷ ಇಷ್ಟು ಎಂದರೆ ಅರ್ಧ ದವಡೆ ತೆಗೆಯುವುದೇ. ಶೇಷಪ್ಪ ಪರದೆಯ ಹತ್ತಿರಕ್ಕೆ ಬಗ್ಗಿದ. ಎಡಗಡೆಯ ಚಿತ್ರದಲ್ಲಿ, ಬೇರಿನ ತುದಿಯಲ್ಲಿ, ಎಲುಬಿನ ಬಲೆಯ ಒಂದು ಕಣ್ಣು, ಅದರ ಪಕ್ಕ ಅಚ್ಚು ಅದೇ ಕಣ್ಣು, ಅದೇ ಮೂರು ಮೂಲೆ, ಅದೇ ಸಣ್ಣ ಸೀಳು, ಅವಳಿ ಮಕ್ಕಳ ಹಾಗೆ, ದೇವರು ಎರಡು ಕಡೆ ಒಂದೇ ಎಲುಬು ನೇಯುವುದಿಲ್ಲ, ಅದು ಅವನ ಕೈ, ಅವನ ಸ್ಟಾಂಪು, ಅವನ ಒಂದು ಗೀಟು ಹೆಚ್ಚು. ಮೇಡಂ, ಇಲ್ಲಿ ಇತ್ತು, ಎಂದ, ಎಂತ ಇತ್ತು, ಕಪ್ಪು ಇತ್ತು ಮೇಡಂ, ಹುಣಸೆ ಬೀಜದಷ್ಟು, ನಾನು ಒರೆಸಿದೆ, ಡೆವಲಪರಿನ ಹನಿ ಅಂತ ಒರೆಸಿದೆ. ಡಾಕ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಕೂತರು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಕೆನ್ನೆಗೆ ಎರಡು ಬಿಗಿದಿದ್ದರೂ ಚೆನ್ನಾಗಿತ್ತು, ಒರೆಸಿ ಅಂತ ನಾನೇ ಹೇಳಿದ್ದೆ ಅಲ್ಲವಾ, ಎಂದರು, ಆ ಫಿಲ್ಮನ್ನು ನಾನು ಬೆಳಕಿಗೆ ಹಿಡಿದು ಸರಿಯಾಗಿ ನೋಡಬೇಕಿತ್ತು, ಕಂಪ್ಯೂಟರಿನಲ್ಲಿ ನೋಡುವ ಅಂತ ಬಿಟ್ಟೆ. ಫಿಲ್ಮು ಎಲ್ಲಿ ಮೇಡಂ, ಫಿಲ್ಮು ಇದ್ದರೆ ಆಯಿತಲ್ಲ. ಸೀಡಿಗೆ ಹಾಕಿದ ಮೇಲೆ ಹಳೆಯದೆಲ್ಲ ಚೀಲಕ್ಕೆ ತುಂಬಿಸಿ ಕೊಟ್ಟೆ, ಬೆಳ್ಳಿ ತೆಗೀಲಿಕ್ಕೆ ಫಿಲ್ಮು ಕೊಳ್ಳುವವ ಬರ್ತಾನಲ್ಲ ತಿಂಗಳಿಗೊಮ್ಮೆ, ಅವನಿಗೆ, ನಿಮ್ಮ ಹತ್ತಿರ ಮೊದಲಿನ ಸ್ಕ್ಯಾನ್ ಉಂಟಾ ಶೇಷಪ್ಪಣ್ಣ, ನೆನಪು ಮಾಡಿ. ನೆನಪು ಮಾಡಲಿಕ್ಕೆ ಎಂತ ಉಂಟು, ಅದೇ ಹೆಸರು, ಅದೇ ಫೈಲು, ಸೇವ್. ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಲಿಕ್ಕೆ ಬಿಡುತ್ತದೆ ಆ ಕಂಪ್ಯೂಟರ್, ಫೈಲು ಮುಚ್ಚುವವರೆಗೆ ಮಾತ್ರ, ಮುಚ್ಚಿದ ಮೇಲೆ ಒಂದು ಹೆಜ್ಜೆಯೂ ಇಲ್ಲ. ಸರ್ಜನ್ನಿಗೆ ಫೋನು ಮಾಡಿ ನಾಲ್ಕರ ಒಳಗೆ ಹೇಳ್ತೇನೆ, ಅವಳಿ ಕಾಣುವ ಜಾಗವನ್ನೂ ಈಮೇಲಿನಲ್ಲಿ ಕಳಿಸ್ತೇನೆ, ಹೋದ ವರ್ಷವೇ ಇದ್ದದ್ದು ಹೌದು, ನಿಧಾನದ್ದು ಅಂತ ಅವರು ಒಪ್ಪಿದರೆ ಕೆರೆದು ನೋಡುವ ಅಂತ ಹೇಳಬಹುದು, ಎಂದರು ಡಾಕ್ಟ್ರು, ಅಲ್ಲಿಯವರೆಗೆ ಅವರಿಗೆ ಹೇಳಬೇಡಿ. ಅಲ್ಲಿಯವರೆಗೆ ಎಂದರೆ ಈಗಿನವರೆಗೆ, ಆ ಗೋಡೆಯಾಚೆಯ ಗಡಿಯಾರಗಳು ಬೆಳಗ್ಗಿನಿಂದ ಅಷ್ಟನ್ನೇ ಹೇಳುತ್ತಿವೆ.

ಫೋನು ಹೊಡೆದುಕೊಂಡಿತು. ಶೇಷಪ್ಪ ಕ್ಯಾಮರಾವನ್ನು ಎದೆಗೆ ಒತ್ತಿ ಹಿಡಿದು ಹೋಗಿ ಎತ್ತಿದ, ಮೊಯಿದಿನಬ್ಬ ಇಲ್ಲೇ ನಾಲ್ಕು ಮಾರು ಆಚೆ ಸ್ಟೂಲಿನಲ್ಲಿ, ಶೇಷಪ್ಪಣ್ಣ, ಮಾತಾಡಿದೆ, ಎಂದರು ಡಾಕ್ಟ್ರು, ದನಿ ಕೇಳಿದ ಕೂಡಲೇ ಗೊತ್ತಾಯಿತು, ಆದರೂ ಕಿವಿ ಆಸೆಯಿಂದ ಫೋನಿಗೆ ಅಂಟಿಕೊಂಡೇ ಇತ್ತು, ಹಾಂ ಎಂದ, ಸರ್ಜನ್ ಚಿತ್ರ ನೋಡಿದರಂತೆ, ಒರೆಸಿದ್ದು ಹೌದು ಎಂದರು, ಆದರೆ ಅಡಿಯಲ್ಲಿ ಎಂತ ಇತ್ತು ಅಂತ ಹೇಗೆ ಹೇಳುವುದು, ಒರೆಸಿದವನೇ ಡೆವಲಪರಿನ ಹನಿ ಎಂದುಕೊಂಡಿದ್ದನಲ್ಲ, ಅದು ನಿಜವಾಗಿ ಹನಿಯೇ ಆಗಿದ್ದರೆ, ಎಂದು ಕೇಳಿದರು, ಸ್ಟುಡಿಯೋದವರ ನೆನಪನ್ನು ನಂಬಿ ರೋಗಿಯ ಜೀವ ಪಣಕ್ಕೆ ಇಡ್ಲಿಕ್ಕೆ ಆಗುವುದಿಲ್ಲ, ಫಿಲ್ಮು ಇದ್ದರೆ ತನ್ನಿ, ಇಲ್ಲದಿದ್ದರೆ ನಾಡಿದ್ದು ಬೆಳಗ್ಗೆ ಏಳಕ್ಕೆ ಆಪರೇಷನ್, ಎಂದು ಸರ್ಜನ್ ಫೋನು ಇಟ್ಟರು, ಅವರದ್ದೂ ತಪ್ಪಲ್ಲ. ಹಾಂ, ಎಂದ ಶೇಷಪ್ಪ. ನೀವು ಕೇಳ್ತಾ ಇದ್ದೀರಾ. ಹಾಂ. ಅವರು ಅಲ್ಲೇ ಇದ್ದಾರಾ. ಹಾಂ. ಡಾಕ್ಟ್ರಿಗೆ ಅಳು ಬಂದಿರಬೇಕು, ಆಯ್ತು ಮೇಡಂ, ಎಂದು ಇವನೇ ಇಟ್ಟ. ಹನಿಯೇ ಆಗಿದ್ದರೆ — ಥತ್, ಇದೊಂದು ಹೊಸದು, ಇಷ್ಟು ಹೊತ್ತು ಅದು ರೋಗವೇ ಎಂದು ಎದೆ ಬಡಿದುಕೊಂಡದ್ದು, ಈಗ ಅದೂ ಕೈಗೆ ಸಿಗುವುದಿಲ್ಲ, ಹನಿಯಾಗಿದ್ದರೆ ತಾನು ನಿರಪರಾಧಿ, ರೋಗವಾಗಿದ್ದರೆ ಅವರ ದವಡೆ ಉಳಿಯುತ್ತಿತ್ತು, ಯಾವುದಾಗಲಿ ಎಂದು ಬೇಡಿಕೊಳ್ಳಬೇಕು, ಬೇಡಿಕೊಂಡರೂ ಯಾರಿಗೆ, ಒರೆಸಿ ಆಗಿದೆಯಲ್ಲ. ನುಣುಪು ಅಂಚು, ಹೊಳೆಯುವ ಕಪ್ಪು, ಕಣ್ಣು ಮುಚ್ಚಿದರೆ ಅಲ್ಲೇ ಉಂಟು, ಲೋಕದಲ್ಲಿ ಇನ್ನೆಲ್ಲೂ ಇಲ್ಲ, ಅವನ ತಲೆಯೊಳಗೆ ಮಾತ್ರ ಉಂಟು, ಅಲ್ಲಿಂದ ಪ್ರಿಂಟು ತೆಗೆಯಲಿಕ್ಕೆ ಬರುತ್ತಿದ್ದರೆ ಇವತ್ತೇ ತಲೆ ಒಡೆದು ಕೊಡುತ್ತಿದ್ದ. ಯಾರದ್ದು ಫೋನು, ಎಂದರು ಮೊಯಿದಿನಬ್ಬ, ಮುಖ ಎಂತ ಹಾಗೆ ಮಾಡಿದ್ದೀರಿ, ಮನೆಯದ್ದಾ, ಎಲ್ಲ ಸರಿ ಉಂಟಲ್ಲ. ಸರಿ ಉಂಟು, ಗಿರಾಕಿ ಒಬ್ಬರು, ಎಂದ, ಬನ್ನಿ, ಕಂಪ್ಯೂಟರಿಗೆ ಹಾಕುವ.

ಪರದೆಯ ತುಂಬ ಮೊಯಿದಿನಬ್ಬರ ಮುಖ, ಬಲ ಕೆನ್ನೆ ಗಡ್ಡದ ಬಿಳಿ ಕುರುಚಲಿನ ಜೊತೆ ಸಮವಾಗಿ ಇಳಿದಿದೆ, ಎಡದ್ದು ಉಬ್ಬಿ ಕಿವಿಯ ಕೆಳಗಿನವರೆಗೂ ಮಿರಮಿರ, ಬಲ ಕೆನ್ನೆಯನ್ನು ಕತ್ತರಿಸಿ ತಿರುಗಿಸಿ ಎಡಕ್ಕೆ ಇಟ್ಟರೆ ಮುಕ್ಕಾಲು ಕೆಲಸ ಆಯಿತು, ಉಳಿದದ್ದಕ್ಕೆ ಸ್ಟಾಂಪು, ಹತ್ತು ನಿಮಿಷ ಸಾಕು, ಹಿಂದೆ ನಿಂತ ಮೊಯಿದಿನಬ್ಬ ರೂಢಿಯಂತೆ ಕಿಸೆಯಿಂದ ವಾಚು ನೋಡುವ ಭೂತಗನ್ನಡಿ ತೆಗೆದು ಎಡಗಣ್ಣಿಗೆ ಸಿಕ್ಕಿಸಿಕೊಳ್ಳಲು ನೋಡಿದರು, ಹುಬ್ಬಿಗೂ ಕೆನ್ನೆಗೂ ನಡುವೆ ಅದು ನಿಲ್ಲಬೇಕು, ಮೂವತ್ತು ವರ್ಷ ನಿಂತಿತ್ತು, ಈಗ ಕೆನ್ನೆ ಹಿಡಿಯುವುದಿಲ್ಲ, ಜಾರಿ ಬಿತ್ತು, ಅಂಗೈಯಲ್ಲಿ ಹಿಡಿದರು, ನೋಡಿ ಇದೊಂದು ಕಷ್ಟ ಮಾರಾಯ್ರೇ, ಬಲಗಣ್ಣಿಗೆ ಅಭ್ಯಾಸ ಮಾಡ್ಬೇಕು ಇನ್ನು. ಹೇಳು, ಈಗ ಹೇಳು, ಇವರ ಮುಖ, ಇವರ ಎಲುಬು, ಗೊತ್ತಿರಬೇಕಾದದ್ದು ಇವರಿಗೆ, ಡಾಕ್ಟ್ರು ಏನಾದರೂ ಹೇಳಲಿ, ಇವರು ಬೇಡ ಎನ್ನಬಹುದು, ಬೇರೆ ಡಾಕ್ಟ್ರಿಗೆ ತೋರಿಸಬಹುದು, ನಾನೇ ಆಪರೇಷನ್ ನಿಲ್ಲಿಸಿ ಎಂದು ಹೇಳಿ ನಿಂತಿತು ಎಂದಾದರೆ, ನಿಂತ ಮೇಲೆ ರೋಗ ಕೆಟ್ಟ ಜಾತಿಯದ್ದೇ ಆಗಿದ್ದರೆ, ಆಗ ದವಡೆಯಲ್ಲ, ಮನುಷ್ಯನೇ ಹೋದರೆ — ಬ್ಯಾರಿಗಳೇ, ಎಂದುಬಿಟ್ಟ, ತಿರುಗದೆ, ಪರದೆಯನ್ನೇ ನೋಡುತ್ತ, ನಿಮ್ಮ ಆ ಹೋದ ವರ್ಷದ ಎಕ್ಸ್‌ರೇ. ಅದನ್ನು ಡಾಕ್ಟ್ರು ತೋರಿಸಿದ್ದಾರೆ ಮಾರಾಯ್ರೇ, ನೀವೇ ಬ್ರೈಟ್ ಮಾಡಿ ಕೊಟ್ಟದ್ದಂತೆ, ಎಂದರು ಮೊಯಿದಿನಬ್ಬ, ದನಿಯಲ್ಲಿ ಎಂಥದೋ ಖುಷಿ, ಎಂತ ಕ್ಲೀನು ನನ್ನ ಎಲುಬು, ಒಂದು ಕಲೆ ಇಲ್ಲ, ಒಂದು ಪ್ರಿಂಟು ಕೇಳಿ ತಗೊಂಡೆ, ಸೈನಬ ಆರು ತಿಂಗಳಿಂದ ನನ್ನ ಜೀವ ತಿಂದಿದ್ದಾಳೆ, ನೀವು ಮೊದಲೇ ಸರಿ ತೋರಿಸಲಿಲ್ಲ, ಉದಾಸೀನ ಮಾಡಿದಿರಿ, ಹೆಂಡತಿ ಮಕ್ಕಳ ನೆನಪಿಲ್ಲ ನಿಮಗೆ ಅಂತ, ದಿನಾ ಅಳುವುದು, ಮೊನ್ನೆ ಆ ಚಿತ್ರ ತೋರಿಸಿದೆ, ನೋಡು, ತೋರಿಸಿದ್ದೆ, ಆಗ ಏನೂ ಇರಲಿಲ್ಲ, ಯಾರದ್ದೂ ತಪ್ಪಿಲ್ಲ, ಬಂದದ್ದು ಬಂತು ಅಂತ, ಅವಳು ಸಮಾಧಾನ ಆದಳು, ಅದನ್ನು ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದಾಳೆ, ನಾನೂ ಎರಡು ದಿನದಿಂದ ನಿದ್ದೆ ಮಾಡ್ತೇನೆ ಮಾರಾಯ್ರೇ, ನಿಮ್ಮ ಕೈಯ ಪುಣ್ಯ, ನೀವು ಎಂತ ಹೇಳ್ಲಿಕ್ಕೆ ಹೊರಟದ್ದು.

ಎಂತ ಇಲ್ಲ. ಎಂತ ಇಲ್ಲ ಎಂದಿತು ಬಾಯಿ, ಬಾಯಿಗೂ ತನಗೂ ಸಂಬಂಧ ಇಲ್ಲದ ಹಾಗೆ, ಆ ಚಿತ್ರ ಚೆಂದ ಬಂದಿತ್ತು ಅಂತ ಹೇಳಿದ್ದು. ಅದನ್ನೇ ನಾನೂ ಹೇಳುವುದು, ಇದನ್ನೂ ಹಾಗೇ ಮಾಡಿ, ನಮ್ಮವ ಅಂತ ಸ್ವಲ್ಪ ಹೆಚ್ಚೇ ಚೆಂದ ಮಾಡಿ. ಗೋಡೆಯಾಚೆ ಗಡಿಯಾರಗಳು ನಾಲ್ಕು ಹೊಡೆಯಲು ಶುರುಮಾಡಿದವು, ಒಂದು ಮೊದಲು, ಒಂದು ನಂತರ, ಯಾವುದೂ ಒಟ್ಟಿಗಲ್ಲ, ಮೊಯಿದಿನಬ್ಬರ ಉಸಿರು ಕುತ್ತಿಗೆಯ ಹಿಂದೆ ಬಿಸಿಯಾಗಿ, ಲವಂಗದ ಎಣ್ಣೆಯ ವಾಸನೆ, ಬೆರಳು ಆಲ್ಟ್ ಒತ್ತಿತು, ಬಲ ಕೆನ್ನೆಯ ಒಂದು ಚೂರು ಎತ್ತಿಕೊಂಡಿತು, ಕೈಗೆ ಎಷ್ಟು ಚೆನ್ನಾಗಿ ಗೊತ್ತು, ಉರುಟು ಗೆರೆ ಪರದೆಯ ಮೇಲೆ ಜಾರುತ್ತ ಜಾರುತ್ತ ಎಡಕ್ಕೆ ಬಂತು, ಬಾವಿನ ನಡುವೆ, ಒಳಗೆ ಆ ಹಿಂದಿನ ಹಲ್ಲಿನ ಬೇರು ಇರಬೇಕಾದ ಜಾಗದ ಮೇಲೆ ಬಂದು ನಿಂತಿತು, ಅಳತೆ ಬದಲಿಸಿರಲಿಲ್ಲ, ಅಷ್ಟೇ, ಹುಣಸೆ ಬೀಜದಷ್ಟೇ, ಒತ್ತು, ಒಂದು ಸಲ ಒತ್ತಿದರೆ ಆಯಿತು, ಆಯ್ತಾ ಶೇಷಪ್ಪಣ್ಣ, ಎಂದು ಹಿಂದಿನಿಂದ ದನಿ, ಆಯ್ತು, ಈಗ ಆಗ್ತದೆ, ಬೆರಳು ಮೌಸಿನ ಮೇಲೆ ಇದೆ, ಒತ್ತುವುದಿಲ್ಲ, ಎತ್ತುವುದೂ ಇಲ್ಲ, ಕೆನ್ನೆಯ ಮೇಲೆ ಆ ಉರುಟು, ಅಲ್ಲೇ, ಹುಣಸೆ ಬೀಜದಷ್ಟು, ಆ ಉರುಟು —